ಬ್ರೈಲ್ ಪರೀಕ್ಷೆಯಲ್ಲಿ ನನ್ನನ್ನು ಫೇಲು ಮಾಡಿಕೊಡುವ ಬಗ್ಗೆ

ಇಂದ,
ಕೆಂಪಯ್ಯ, ಬಸ್ ಕಂಡಕ್ಟರ್,
ನಂಜನಗೂಡು–ತಿ. ನರಸೀಪುರ ಮಾರ್ಗ.
ವಾಸ: ಹದಿನಾರು ಗ್ರಾಮ, ನಂಜನಗೂಡು ತಾಲ್ಲೂಕು.

ಗೆ,
ಮಾನ್ಯ ಅಧ್ಯಕ್ಷರು,
ಬೆರಳಬೆಳಕು ಬ್ರೈಲ್ ಸಾಕ್ಷರತಾ ಸಮಿತಿ,
ನಂಜನಗೂಡು.

ವಿಷಯ: ತಾವು ನನಗೆ ದಯಪಾಲಿಸಿರುವ ಪ್ರಥಮ ದರ್ಜೆಯನ್ನು ರದ್ದುಪಡಿಸಿ, ನನ್ನನ್ನು ಅನುತ್ತೀರ್ಣನೆಂದು ಘೋಷಿಸುವ ಬಗ್ಗೆ.

ಉಲ್ಲೇಖ: (ಅ) ತಮ್ಮ ಸಮಿತಿಯ ಪ್ರಮಾಣಪತ್ರ, ಚಿನ್ನದ ಬಣ್ಣದ ಅಂಚು ಸಹಿತ.
(ಆ) ಸಂಚಾಲಕರಾದ ಶ್ರೀ ರಘು ಅವರು ಚಹಾ ಕುಡಿಯುತ್ತಾ ನೀಡಿದ ಮೌಖಿಕ ಆದೇಶ: “ಅರ್ಜಿ ಬರ್ದ್ ಕೊಡಣ್ಣ, ನೋಡನ.”

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ನಿವೇದಿಸಿಕೊಳ್ಳುವುದೇನೆಂದರೆ, ನಾನು ಪಾಸಾಗಿದ್ದೇನೆ. ಇದರಿಂದ ನನ್ನ ಸಂಸಾರಕ್ಕೆ ತೊಂದರೆಯಾಗಿದೆ. ಮೆಮೊಗಳಿಗೆ ಉತ್ತರ ಬರೆದು ಬರೆದು ಈ ಭಾಷೆ ನನಗೆ ರೂಢಿಯಾಗಿರುವ ಕಾರಣ, ವಿವರಗಳನ್ನು ಕ್ರಮವಾಗಿ ಸಲ್ಲಿಸುತ್ತೇನೆ.

1. ನನ್ನ ಹೆಂಡತಿ ವನಜಾಕ್ಷಿ ಓದುವ ಹುಚ್ಚಿನವಳು. ವಾರಪತ್ರಿಕೆ ಇರಲಿ, ಬೋಂಡ ಕಟ್ಟಿಕೊಟ್ಟ ಕಾಗದವನ್ನೂ ಬಿಡಿಸಿ ಓದಿದ ಮೇಲೆಯೇ ಎಸೆಯುವವಳು. ಕೆಲವು ವರ್ಷಗಳಿಂದ ಅವಳ ದೃಷ್ಟಿ ಸುತ್ತಲಿಂದ ಮುಚ್ಚಿಕೊಂಡು ಬರುತ್ತಿದೆ. ಈಗ ಬೆಳಗಿನ ಬಿಸಿಲಿನಲ್ಲಿ ಜಗಲಿಯ ಮೇಲೆ ಕೂತರೆ ಪೇಪರಿನ ದಪ್ಪ ತಲೆಬರಹ ಮಾತ್ರ ಕಾಣುತ್ತದೆ. ಅದೂ ಉಳಿಯುವುದಿಲ್ಲ ಎಂದು ಮೈಸೂರಿನ ಡಾಕ್ಟರು ಹೇಳಿದ್ದಾರೆ. ಆದ್ದರಿಂದ ಬ್ರೈಲ್ ಕಲಿ ಎಂದು ನಾನು ಹೇಳಿದೆ.

“ನಾನಿನ್ನೂ ಕುರುಡಿ ಆಗಿಲ್ಲ ಕಣ್ರೀ” ಎಂದು ಮುಖ ತಿರುಗಿಸಿದಳು. ಬಹಳ ದಿನ ಆ ಮಾತೇ ಎತ್ತಗೊಡಲಿಲ್ಲ. ಆಮೇಲೆ ಒಂದು ದಿನ ಅವರೆಕಾಯಿ ಸುಲಿಯುತ್ತಾ ತಾನಾಗಿಯೇ ಹೇಳಿದಳು: “ಮೊದ್ಲು ನೀವ್ ಕಲ್ತ್ ಬನ್ನಿ. ನಿಮ್ ಬೆರಳ್ಗೆ ಬಂದ್ರೆ ನನ್ ಬೆರಳ್ಗೂ ಬತ್ತದೆ.”

2. ಕಾರಣ, ರಜೆ ಹಾಕಿ “ಕಣ್ಣಿದ್ದವರಿಗಾಗಿ ಬ್ರೈಲ್” ಎಂಬ ತಮ್ಮ ಶಿಬಿರಕ್ಕೆ ಸೇರಿದೆ. ಕತ್ತಲ ಬಸ್ಸಿನಲ್ಲಿ ಚಿಲ್ಲರೆಯನ್ನು ಮುಟ್ಟಿಯೇ ಗುರುತು ಹಿಡಿಯುವ ಬೆರಳು ನನ್ನದು, ಇದೇನು ಮಹಾ ಎಂಬ ಜಂಬವೂ ಇತ್ತು.

3. ಶಿಬಿರದಲ್ಲಿ ಉದ್ಘಾಟನೆ ಊಟದ ಹೊತ್ತಿನವರೆಗೆ ನಡೆಯಿತು. ಬೆಳಕು, ಜ್ಯೋತಿ, ದೀಪ ಎಂಬ ಪದಗಳು ಬಾರದ ಭಾಷಣವಿರಲಿಲ್ಲ. ಪಾಠದಲ್ಲಿ ಮಾತ್ರ ಅನ್ಯಾಯ ಹೇಳಲಾರೆ. ಅಕ್ಷರಕ್ಕೊಂದು ಮನೆ, ಅದರಲ್ಲಿ ಎಡಗಡೆ ಮೂರು ಚುಕ್ಕಿ, ಬಲಗಡೆ ಮೂರು ಚುಕ್ಕಿ. ಎಡಗಡೆ ಮೇಲಿನದೊಂದೇ ಇದ್ದರೆ ಅ. ಅದರ ಜೊತೆಗೆ ಎಡಗಡೆಯ ಕೆಳಗಿನದೂ ಸೇರಿದರೆ ಕ. ನಾವೆಲ್ಲ ಬಲು ಬೇಗ ಕಲಿತೆವು. ಬೇಗ ಕಲಿತದ್ದು ಯಾಕೆಂದು ಮುಂದಿನ ಕಲಮಿನಲ್ಲಿದೆ.

4. ಚುಕ್ಕಿ ಉಬ್ಬಿದ ಪಾಠದ ಹಾಳೆಗಳನ್ನು ತಾವು ದೂರದಿಂದ ತರಿಸಿದ್ದಿರಿ. ಅವು ಕೈಯಿಂದ ಕೈಗೆ ಹೋಗಿ ಹಾಳಾಗದಿರಲಿ ಎಂದು ಬಸ್ ನಿಲ್ದಾಣದ ಬಳಿಯ ಅಂಗಡಿಗೆ ಕೊಟ್ಟು ಎಲ್ಲಕ್ಕೂ ಲ್ಯಾಮಿನೇಷನ್ ಮಾಡಿಸಿದಿರಿ. ರೇಷನ್ ಕಾರ್ಡಿಗೆ, ಜಾತಿ ಪ್ರಮಾಣಪತ್ರಕ್ಕೆ, ತೀರಿಹೋದವರ ಫೋಟೋಕ್ಕೆ ಮಾಡಿಸುವಂತೆಯೇ ಇದಕ್ಕೂ. ಬಿಸಿ ಯಂತ್ರದೊಳಗೆ ಹೋಗಿ ಬಂದ ಮೇಲೆ ಚುಕ್ಕಿಗಳು ಚಪ್ಪಟೆಯಾಗಿ ಪ್ಲಾಸ್ಟಿಕ್ಕಿನ ಅಡಿಯಲ್ಲಿ ಬರೀ ಗುರುತಾಗಿ ಉಳಿದವು. ಕಣ್ಣಿಗೆ ಚೆನ್ನಾಗಿ ಕಾಣುತ್ತಿದ್ದವು. ಅಷ್ಟೂ ಜನ ಕಣ್ಣಿದ್ದವರು, ಶಿಬಿರ ಮುಗಿಯುವವರೆಗೆ ಒಬ್ಬರಾದರೂ ಅವುಗಳ ಮೇಲೆ ಬೆರಳಿಡಲಿಲ್ಲ. ಆ ದಡ್ಡರಲ್ಲಿ ಅರ್ಜಿದಾರನೂ ಒಬ್ಬ. ತಾವೂ ಬಂದು ನೋಡಿ “ಅಚ್ಚುಕಟ್ಟಾಗಿದೆ” ಎಂದಿರಿ.

5. ಕಣ್ಣು ಕಾಣದವರು ಒಬ್ಬರಾದರೂ ಪಾಠಕ್ಕೆ ಬರುವುದಿಲ್ಲವೇ ಎಂದು ಕೇಳಿದ್ದಕ್ಕೆ ರಘು ಅವರು, “ಅವ್ರನ್ನ ಕರ್ಕಂಡ್ ಬರೋದು ಓಗೋದು ಕಷ್ಟ ಕಣಣ್ಣ. ಸಮಾರೋಪಕ್ಕೆ ಸ್ಟೇಜ್ ಮ್ಯಾಲೆ ಕರೀತೀವಿ” ಎಂದರು. ಮಾತಿಗೆ ತಪ್ಪಲಿಲ್ಲ, ಕಣ್ಣು ಕಾಣದ ಹಿರಿಯರೊಬ್ಬರನ್ನು ಕರೆದರು. ಆದರೆ ಆ ಹಿರಿಯರ ಒಂದು ಕೈಗೆ ಶಾಲು, ಇನ್ನೊಂದು ಕೈಗೆ ಹಣ್ಣಿನ ಬುಟ್ಟಿ ಕೊಟ್ಟಿದ್ದರಿಂದ ನಮ್ಮ ಹಾಳೆಯನ್ನು ಮುಟ್ಟಲು ಅವರಲ್ಲಿ ಕೈ ಉಳಿದಿರಲಿಲ್ಲ. ಚುಕ್ಕಿ ಚುಚ್ಚುವ ಸ್ಲೇಟು ಮತ್ತು ಮೊಳೆಗಳನ್ನು ಅತಿಥಿಗಳೇ ವಿತರಿಸಬೇಕೆಂದು ಅಲ್ಲಿಯವರೆಗೆ ಪ್ಯಾಕೆಟ್ಟಿನಿಂದ ತೆಗೆದಿರಲಿಲ್ಲ. ಪರೀಕ್ಷೆ ಅದಕ್ಕೂ ಮುಂಚೆ ಮುಗಿದಿತ್ತು. ನೋಡಿ ಓದಿದೆ, ಪ್ರಥಮ ದರ್ಜೆ ಬಂತು.

6. ಮನೆಗೆ ಹೋಗಿ ಪಾಠದ ಹಾಳೆಯನ್ನು ವನಜಾಕ್ಷಿಯ ಕೈಗಿಟ್ಟೆ. ಅವಳು ಮೇಲಿಂದ ಕೆಳಗೆ ಬೆರಳಾಡಿಸಿದಳು. ತಿರುಗಿಸಿ ಹಿಂದುಗಡೆಯೂ ಆಡಿಸಿದಳು.

“ನುಣ್ಗದೆ ಕಣ್ರೀ. ಚುಕ್ಕಿ ಎಲ್ಲವೆ?”

“ಅಲ್ಲೇ ಅವೆ, ಸರ್ಯಾಗ್ ನೋಡಮ್ಮಿ” ಎಂದುಬಿಟ್ಟೆ. ಬಾಯಿಂದ ಬಂದುಹೋಯಿತು.

ಅವಳು ನನ್ನ ಹೆಗಲ ಮೇಲಿನ ಟವೆಲ್ಲು ಎಳೆದು ನನ್ನ ಕಣ್ಣಿಗೇ ಕಟ್ಟಿದಳು. “ಫಸ್ಟ್ ಕ್ಲಾಸ್ ಅಂದ್ರಲ್ಲ, ಓದಿ” ಎಂದಳು. ಊಟದ ಮೇಜಿನ ಮೇಲೆ ಕೈಯಾಡಿಸಿದ ಹಾಗಾಯಿತು. ಒಂದು ಅಕ್ಷರ ಸಿಕ್ಕಲಿಲ್ಲ. ಟವೆಲ್ಲು ಬಿಚ್ಚುವಷ್ಟರಲ್ಲಿ ಅವಳು ಹಾಳೆಯನ್ನು ಒಯ್ದು ಹಾಲಿನ ಪಾತ್ರೆಗೆ ಮುಚ್ಚಿಯಾಗಿತ್ತು. “ಕಣ್ ಇರೋರ್ಗೇ ಕಣ್ ಬೇಕಾಯ್ತು ಇದ್ಕೆ. ಇನ್ನ ಈ ಸುದ್ದಿ ನನ್ ಮುಂದೆ ಎತ್ಬ್ಯಾಡಿ.”

ಮಾನ್ಯರೇ, ನನಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಭಯವಾಯಿತು. ಇದ್ದ ಒಂದು ಬಾಗಿಲನ್ನು ನಾನೇ ಹೋಗಿ ಮುಚ್ಚಿಸಿಕೊಂಡು ಬಂದಿದ್ದೆ.

7. ಸ್ಲೇಟಿನ ಪ್ಯಾಕೆಟ್ಟು ಬಿಚ್ಚಿದೆ. ಹಳೆಯ ಮದುವೆ ಕಾಗದದ ದಪ್ಪ ರಟ್ಟಿನ ಮೇಲೆ ಅವಳ ಹೆಸರು ಚುಚ್ಚಿದೆ. ಹಾಳೆ ತಿರುಗಿಸಿದರೆ ಎಲ್ಲ ಉಲ್ಟಾ. ಚುಕ್ಕಿ ಉಬ್ಬುವುದು ಹಿಂಬದಿಯಲ್ಲಿ, ಆದ್ದರಿಂದ ಬಲದಿಂದ ಎಡಕ್ಕೆ ಚುಚ್ಚಿಕೊಂಡು ಬರಬೇಕು ಎಂಬ ಸಂಗತಿ ತಮ್ಮ ಭಾಷಣಗಳಲ್ಲಿ ಬಂದಿರಲಿಲ್ಲ, ಪ್ಯಾಕೆಟ್ಟಿನ ಹಿಂದೆ ಬರೆದಿತ್ತು. ಇನ್ನೊಂದು ರಟ್ಟು ತೆಗೆದುಕೊಂಡು ಮತ್ತೆ ಚುಚ್ಚಿ, ಅವಳು ಅವರೆಕಾಳು ಆರಿಸುತ್ತಿದ್ದ ಮೊರದ ಪಕ್ಕ ಇಟ್ಟೆ.

ಕೈಗೆ ತಗಲಿತು. ಬೆರಳು ಅಲ್ಲೇ ನಿಂತಿತು. “ಕಾಳ್ ಕಾಳಾಗವೆ” ಎಂದಳು. ಮತ್ತೊಮ್ಮೆ ಬೆರಳಾಡಿಸಿ, “ಇಲ್ಲಿ ಒತ್ತಾಗವೆ, ಇಲ್ಲಿ ಬಿಡಿಬಿಡಿ” ಎಂದಳು. ನನಗೆ ಈವತ್ತಿಗೂ ಟವೆಲ್ಲು ಕಟ್ಟಿಕೊಂಡರೆ ಆ ವ್ಯತ್ಯಾಸ ತಿಳಿಯುವುದಿಲ್ಲ. ಅವಳಿಗೆ ತಿಳಿಯಿತು.

8. ಹಾಗಾದರೆ ಕಲಿತೀಯಾ ಎಂದು ಕೇಳಿದೆ. ಅವಳ ಉತ್ತರವನ್ನು ಇದ್ದ ಹಾಗೆ ದಾಖಲಿಸುತ್ತೇನೆ: “ಓದಕ್ ಬರ್ದೇ ಇರೋರ್ಗೆ ಫಸ್ಟ್ ಕ್ಲಾಸ್ ಕೊಟ್ಟವ್ರಲ್ಲ, ಅವ್ರ ಮಾತ್ನ ಎಂಗ್ ನಂಬದು? ನೀವ್ ಫೇಲು ಅಂತ ಅವ್ರೇ ಚುಕ್ಕಿಲಿ ಬರ್ದ್ ಕಳಿಸ್ಲಿ. ನೀವ್ ಓದಿ ಏಳ್ಬ್ಯಾಡಿ, ನಾನೇ ಮುಟ್ಟಿ ಓದ್ತೀನಿ. ಅದ್ನ ಓದಕ್ಕಾದ್ರೂ ಕಲೀತೀನಿ.”

9. ಪ್ರಮಾಣಪತ್ರ ಹಿಂದಿರುಗಿಸಲು ಹೋದಾಗ ರಘು ಅವರು, “ಪಾಸಾದೋರ್ನ ಫೇಲ್ ಮಾಡಕ್ಕೆ ಕಾಲಮ್ಮೇ ಇಲ್ವಲ್ಲಣ್ಣ” ಎಂದರು. ಅದೇ ಪ್ರಮಾಣಪತ್ರದ ತುದಿಯಲ್ಲಿ ಒಂದು ಸಾಲು ಬ್ರೈಲ್ ಇದೆ. ಅದಕ್ಕೂ ಲ್ಯಾಮಿನೇಷನ್ ಆಗಿರುವ ಕಾರಣ ಅದರಲ್ಲಿ ಏನಿದೆಯೆಂದು ವನಜಾಕ್ಷಿಗೆ ತಿಳಿಯುವಂತಿಲ್ಲ. ನನಗೆ ಕಾಣುತ್ತದೆ. ಅಭಿನಂದನೆಗಳು ಎಂದಿದೆ.

ಆದ್ದರಿಂದ, ಕಾಲಮ್ಮು ಇಲ್ಲದಿದ್ದಲ್ಲಿ ಹೊಸದಾಗಿ ಗೆರೆ ಎಳೆದಾದರೂ ನನ್ನನ್ನು ಫೇಲು ಮಾಡಿ, ಆ ಒಂದು ಪದವನ್ನು ದಪ್ಪ ಹಾಳೆಯಲ್ಲಿ ಚುಚ್ಚಿಸಿ, ಅರ್ಜಿಯನ್ನು ಕಡತದ ತಳಕ್ಕೆ ತಳ್ಳದೆ, ಅವಳಿಗೆ ಬೆಳಗಿನ ತಲೆಬರಹ ಇನ್ನೂ ಕಾಣುತ್ತಿರುವಾಗಲೇ ಕಳುಹಿಸಿಕೊಡಬೇಕಾಗಿ ಪ್ರಾರ್ಥನೆ. ಚುಚ್ಚಲು ಬರುವವರು ಸಮಿತಿಯಲ್ಲಿ ಯಾರೂ ಇಲ್ಲದಿದ್ದರೆ, ತಾವು ಶಾಲು ಹೊದಿಸಿದ ಆ ಹಿರಿಯರನ್ನು ಕೇಳಬಹುದು. ಹಣ್ಣಿನ ಬುಟ್ಟಿ ಇಷ್ಟರಲ್ಲಿ ಕೆಳಗಿಟ್ಟಿರುತ್ತಾರೆ.

ತಮ್ಮ ಅಳಿದುಳಿದ ವಿಶ್ವಾಸಿ,
ಕೆಂಪಯ್ಯ

ಲಗತ್ತುಗಳು:
ಪ್ರಮಾಣಪತ್ರ, ಮೂಲಪ್ರತಿ.
ಪಾಠದ ಹಾಳೆ, ಹಾಲಿನ ಕಲೆ ಸಹಿತ.
ಉಲ್ಟಾ ಚುಚ್ಚಿದ ರಟ್ಟು. ಸರಿಯಾಗಿ ಚುಚ್ಚಿದ್ದನ್ನು ವನಜಾಕ್ಷಿ ಕೊಡಲಿಲ್ಲ, ದಿಂಬಿನ ಕೆಳಗೆ ಇಟ್ಟುಕೊಂಡಿದ್ದಾಳೆ.

ವಿಶೇಷ ಸೂಚನೆ: ಕಳುಹಿಸುವ ಮುನ್ನ ದಯವಿಟ್ಟು ಲ್ಯಾಮಿನೇಷನ್ ಮಾಡಿಸಬಾರದಾಗಿ ಕೋರಿಕೆ.