ಬೀಗರಿಗೆ ಹೌದೆನ್ನುವ ಮಶೀನು

"ಇವತ್ತಿನಿಂದ ಬೀಗರ ಜೋಡಿ ನಾ ಜಗಳಾಡಂಗಿಲ್ಲ. ನನ್ನ ಬದಲಿ ಮಶೀನ ಮಾತಾಡ್ತದ" ಎಂದು ಶಹಾಬಾದಿನ ಚಂದ್ರಾಮ ಎದೆಯುಬ್ಬಿಸಿ ಸಾರಿದಾಗ, ಹೆಂಡತಿ ಮಾಣಿಕಮ್ಮ ರೊಟ್ಟಿ ಬಡಿಯುವ ಕೈಯನ್ನು ನಿಲ್ಲಿಸಲಿಲ್ಲ.

"ಛಲೋ ಆತು. ನಿಮಗಿಂತ ಅದಕ್ಕ ಸಾಲಿ ಜಾಸ್ತಿ ಆಗಿರ್ತದ" ಎಂದಳು.

ಚಂದ್ರಾಮನ ಸಾಲಿ ಐದನೇ ಇಯತ್ತೆಗೆ ಮುಗಿದಿತ್ತು. ಸಿಟ್ಟು ಮಾತ್ರ ವರ್ಷವರ್ಷವೂ ಮೇಲಿನ ತರಗತಿಗೆ ಪಾಸಾಗುತ್ತ ಬಂದಿತ್ತು. ಫರ್ಸಿ ಕಲ್ಲು ಹಾಸುವುದರಲ್ಲಿ ತನ್ನನ್ನು ಮೀರಿಸಿದವರು ವಾಡಿಯಿಂದ ಚಿಂಚೋಳಿಯವರೆಗೆ ಯಾರೂ ಇಲ್ಲ ಎಂಬುದು ಅವನ ಮಾತು. ಸೇಡಂನ ಬೀಗ ಭೀಮಶಾ ಹೊಸ ಮನೆ ಕಟ್ಟಿಸಿದಾಗ ನಡುಮನೆಗೆ ಫರ್ಸಿ ಹಾಸಿಕೊಟ್ಟವನೂ ಅವನೇ. ಮನೆ ತೊಳೆದ ದಿನ ಭೀಮಶಾ ಮೆಲ್ಲಗೆ, "ಬೀಗರೇ, ನಡುವ ನೀರು ನಿಂದ್ರಾಕತ್ತಾವಲ್ಲ" ಎಂದ.

"ನೀರು ನಿಂತಿಲ್ರಿ. ನಿಮ್ಮ ಕಣ್ಣಾಗ ಪೊರಿ ಬಂದದ" ಎಂದ ಚಂದ್ರಾಮ.

ಅಷ್ಟೇ. ಆ ವರ್ಷ ಪಂಚಮಿಗೆ ಮಗಳು ಸುಮಂಗಲಾ ತವರಿಗೆ ಬರಲಿಲ್ಲ. ಮಾಣಿಕಮ್ಮ ಕಟ್ಟಿಟ್ಟ ಉಂಡಿಗಳು ಡಬ್ಬಿಯಲ್ಲೇ ಕಲ್ಲಾದವು. ಈ ವರ್ಷದ ಪಂಚಮಿಗೆ ಇನ್ನು ಎಂಟೇ ದಿನ ಉಳಿದಿತ್ತು.

ಇಬ್ಬರನ್ನೂ ಎದುರುಬದುರು ಕೂಡಿಸಿದರೆ ಮನೆ ಉಳಿಯುವುದಿಲ್ಲವೆಂದು ಅಳಿಯ ಸುರೇಶಕುಮಾರ ಒಂದು ಉಪಾಯ ಮಾಡಿದ್ದ. ಸೇಡಂನಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದ ಅವನು ಎರಡು ಹಳೆಯ ಮಶೀನುಗಳನ್ನು ಟೆಲಿಫೋನಿನ ತಂತಿಗೆ ಜೋಡಿಸಿ, ತಂದೆಗೊಂದು ಮಾವನಿಗೊಂದು ಕೊಟ್ಟು, ಇಬ್ಬರನ್ನೂ ಒಂದೇ ಆಟಕ್ಕೆ ಇಳಿಸಿದ. ಚಿತ್ರವಿಲ್ಲ, ಸದ್ದಿಲ್ಲ, ಬರೀ ಅಕ್ಷರದ ಆಟ. 'ನೀನು ಕೋಟೆಯ ಬಾಗಿಲಲ್ಲಿದ್ದೀ' ಎಂದು ಇಂಗ್ಲಿಷಿನಲ್ಲಿ ಪರದೆಯ ಮೇಲೆ ಬರುತ್ತದೆ. 'ಉತ್ತರಕ್ಕೆ ನಡೆ', 'ಕತ್ತಿ ತೆಗೆ' ಎಂದು ನಾವು ಟೈಪು ಮಾಡಬೇಕು. ಇಪ್ಪತ್ತೇ ಇಂಗ್ಲಿಷ್ ಶಬ್ದಗಳ ಬಲದಿಂದ ಚಂದ್ರಾಮ ಆ ಕೋಟೆಯ ಕಾವಲುಗಾರನಾಗಿದ್ದ. ಬಾಗಿಲಿನ ಆಚೆ ಬದಿಯ ಕಾವಲುಗಾರ ಭೀಮಶಾ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದು ಇಬ್ಬರೂ ಮಾತಾಡುತ್ತಿದ್ದರು.

"ಮಾವ, ಇದಕ್ಕ ಟ್ರಿಗರ್ ಅಂತಾರ್ರಿ" ಎಂದು ಅಳಿಯ ತಿಳಿಸಿ ಹೇಳಿದ್ದ. "ಆಟದಾಗ ಹಿಂಗಾತು ಅಂದ್ರ ಹಿಂಗ ಮಾಡು ಅಂತ ಮೊದಲೇ ಬರದಿಡಾದು. ನೀವು ಇಲ್ಲದಿದ್ರೂ ಮಶೀನ ತಾನೇ ಮಾಡ್ತದ. ಬೇಕಾದ್ರ ಚಾಲೂ, ಬ್ಯಾಡಾದ್ರ ಬಂದ್."

ಚಂದ್ರಾಮ ಮೊದಲ ಟ್ರಿಗರನ್ನು ತನ್ನ ಸ್ವಭಾವಕ್ಕೆ ತಕ್ಕಂತೆ ಬರೆಸಿದ: ಯಾರಾದರೂ ಮೈ ಮುಟ್ಟಿದರೆ ಕತ್ತಿ ಬೀಸು. ಎರಡನೆಯದನ್ನು ಮಗಳ ಸಲುವಾಗಿ ಬರೆಸಿದ: ಭೀಮಶಾ ಏನೇ ಅಂದರೂ 'ಹೌದ್ರಿ ಬೀಗರೇ, ನೀವಂದಿದ್ದೇ ಖರೆ' ಅನ್ನು.

ನಾಲ್ಕು ದಿನ ಮಶೀನು ಬೀಗತನವನ್ನು ಏನು ನಡೆಸಿತು! ಕಾಗಿಣಾ ಹೊಳಿ ತುಂಬಿ ಬಂದದ ಎಂದು ಭೀಮಶಾ ಬರೆದ, ಹೌದ್ರಿ ಬೀಗರೇ. ಈ ಸಲ ತೊಗರಿ ಛಲೋ ಅದ ಎಂದ, ನೀವಂದಿದ್ದೇ ಖರೆ. ಸುಮಂಗಲಾ ಫೋನು ಮಾಡಿ, "ಅಪ್ಪಾ, ಮಾವ ಭಾಳ ಖುಷಿ ಆಗ್ಯಾರ. ನೀ ಸುಧಾರಿಸಿದಿ ಅಂತ ಓಣಿಗೆಲ್ಲ ಹೇಳಾಕತ್ತಾರ" ಎಂದಳು.

ಐದನೆಯ ದಿನ ಚಂದ್ರಾಮ ಮಶೀನನ್ನು ಚಾಲೂ ಬಿಟ್ಟು, ತನ್ನ ಜಾಣತನವನ್ನು ಜೊತೆಗಾರ ಮಜೀದಸಾಬನಿಗೆ ಬಣ್ಣಿಸಲು ಚಹಾದ ಅಂಗಡಿಗೆ ಹೋದ. ಎರಡು ಚಹಾ ಮುಗಿಸಿ ಬಂದು ಪರದೆಯ ಮೇಲಿನ ಸಾಲುಗಳನ್ನು ಓದಿದ.

'ಬೀಗರೇ, ಸಿಟ್ಟಾಗಬ್ಯಾಡ್ರಿ. ನೀವು ಹಾಕಿದ ಫರ್ಸಿ ವಾರಿ ಅದ, ನಡುವ ತಗ್ಗು ಬಿದ್ದದ' ಎಂದಿದ್ದ ಭೀಮಶಾ.

'ಹೌದ್ರಿ ಬೀಗರೇ, ನೀವಂದಿದ್ದೇ ಖರೆ.'

'ಹಂಗಾದ್ರ ಎಲ್ಲಾ ಕಿತ್ತು ಮತ್ತ ಹಾಸಬೇಕಲ್ಲ?'

'ಹೌದ್ರಿ ಬೀಗರೇ, ನೀವಂದಿದ್ದೇ ಖರೆ.'

'ಮನಿ ಕಿತ್ತಾಗ ಸೊಸಿನ್ನ ಹೆಂಗ ಕಳಸಾದು? ಈ ವರ್ಷನೂ ಪಂಚಮಿಗೆ ಬ್ಯಾಡ ಅಲ್ಲ?'

'ಹೌದ್ರಿ ಬೀಗರೇ, ನೀವಂದಿದ್ದೇ ಖರೆ.'

"ಏನಾತ್ರಿ?" ಎಂದಳು ಮಾಣಿಕಮ್ಮ ಬಾಗಿಲಲ್ಲಿ ನಿಂತು. ಅವಳ ಕೈಗೆ ಉಂಡಿಯ ಬೆಲ್ಲ ಮೆತ್ತಿತ್ತು.

ಚಂದ್ರಾಮ ಆ ಹಾಳು ಹೌದ್ರಿಯನ್ನು ಬಂದ್ ಮಾಡಿದ. ಜೀವಮಾನದಲ್ಲಿ ಮೊದಲ ಸಲ, ಒಂದೊಂದೇ ಅಕ್ಷರ ಹುಡುಕಿ ಒತ್ತಿ, ಬೀಗನಿಗೆ ತಗ್ಗಿ ಬರೆದ: 'ಬೀಗರೇ, ಇಲ್ಲಿತನಕ ಹೌದು ಅಂದದ್ದು ನಾ ಅಲ್ಲ, ಮಶೀನ. ಈಗ ನಾನೇ ಬರಿಯಾಕತ್ತೀನಿ. ನಿಮ್ಮ ಕಣ್ಣಾಗ ಪೊರಿ ಬಂದದ ಅಂದದ್ದು ನನ್ನ ತಪ್ಪು. ಸಿಟ್ಟು ನನ್ನ ಮ್ಯಾಲ ತಗೀರಿ, ಮಗಳನ್ನ ಕಳಸ್ರಿ.'

ಪರದೆಯ ಮೇಲೆ ಒಂದು ಸಾಲು ಬಂತು: 'ಭೀಮಶಾ ನಿನ್ನನ್ನು ಅಪ್ಪಿಕೊಂಡ.'

ಚಂದ್ರಾಮನ ಕಣ್ಣು ತುಂಬಿದವು. ಒರೆಸಿಕೊಳ್ಳುವುದರೊಳಗೆ ಮುಂದಿನ ಸಾಲು: 'ನೀನು ಕತ್ತಿ ಬೀಸಿದೆ.' ಅದರ ಬೆನ್ನಿಗೇ ಇನ್ನೊಂದು: 'ಭೀಮಶಾ ಸತ್ತ.'

ಮರ್ಯಾದೆಯನ್ನು ಬಂದ್ ಮಾಡಿದ್ದ, ಸಿಟ್ಟು ಚಾಲೂ ಇತ್ತು.

ಗಾಬರಿಯಲ್ಲಿ ಮಶೀನಿನ ತಂತಿಯನ್ನೇ ಕಿತ್ತ. ಟೆಲಿಫೋನಿನ ತಂತಿ ಖಾಲಿಯಾದ ಕೂಡಲೇ ಫೋನು ಬಡಿದುಕೊಂಡಿತು.

"ಬೀಗರೇ, ಅಪ್ಕೊಳ್ಳಾಕ ಬಂದಾವನ್ನ ಕಡದ್ರಲ್ಲ" ಎಂದಿತು ಭೀಮಶಾನ ದನಿ.

"ಹೌದ್ರಿ ಬೀಗರೇ."

"ನಾಳಿ ಕರಣಿ ತಗೊಂಡು ಸೇಡಂಕ ಬರ್ರಿ. ಫರ್ಸಿ ಸರಿ ಆದ ದಿನ ಸೊಸಿನ್ನ ಕಳಸ್ತೀನಿ."

"ನೀವಂದಿದ್ದೇ ಖರೆ."

ಮಾಣಿಕಮ್ಮ ಹಿಂದಿನಿಂದ ಮೆಲ್ಲಗೆ, "ಇದೊಂದು ಚಾಲೂ ಇರ್ಲಿ. ಬಂದ್ ಮಾಡಬ್ಯಾಡ್ರಿ" ಎಂದಳು.

ಊರಿನ ಹೆಣ್ಣುಮಕ್ಕಳೆಲ್ಲ ಜೋಕಾಲಿ ಆಡುತ್ತಿದ್ದ ಪಂಚಮಿಯ ದಿನ ಚಂದ್ರಾಮ ಬೀಗರ ನಡುಮನೆಯಲ್ಲಿ ಮೊಣಕಾಲೂರಿ ಕಲ್ಲು ಕೀಳುತ್ತಿದ್ದ. ನಡುವಿನ ಕಲ್ಲನ್ನು ಎತ್ತಿದಾಗ ಕೆಳಗೆ ತಾನೇ ತುಂಬದೆ ಬಿಟ್ಟ ತಗ್ಗು ಹಿಟ್ಟು ನಾದುವ ಪರಾತದ ಹಾಗೆ ಕಾಣಿಸಿತು. ಯಾರೂ ನೋಡುವ ಮೊದಲೇ ಮಣ್ಣು ಹಾಕಿ ಬಡಿದ. ಪಕ್ಕದಲ್ಲಿ ಉಂಡಿಯ ತಟ್ಟೆ ಹಿಡಿದು ನಿಂತ ಸುಮಂಗಲಾ ನೋಡಿದಳು, ಅಪ್ಪನ ಬಾಯಿಗೆ ಒಂದು ಉಂಡಿ ಇಟ್ಟಳು.

ಕೆಲಸ ಮುಗಿದಾಗ ಪಂಚಮಿ ಹೋಗಿ ಎರಡು ದಿನವಾಗಿತ್ತು. ಭೀಮಶಾ ಒಂದು ಕೊಡ ನೀರು ಸುರಿದ. ನೀರು ನೆಟ್ಟಗೆ ಮೋರಿಗೆ ಹೋಯಿತು. ಸುಮಂಗಲಾ ಚೀಲ ಹಿಡಿದು ಹೊಸ್ತಿಲಲ್ಲಿ ನಿಂತಿದ್ದಳು.

"ಕರಕೊಂಡು ಹೋಗ್ರಿ. ಆದ್ರ ಒಂದು ಮಾತು. ಮೊದಲ ಇಲ್ಲಿ ನೀರು ನಿಂದ್ರತಿದ್ವು, ಹೌದಲ್ಲ?" ಎಂದ ಭೀಮಶಾ.

ಚಂದ್ರಾಮನ ಕಿವಿ ಕೆಂಪಾದವು. ಗಾರೆ ಮೆತ್ತಿದ ಕರಣಿಯನ್ನು ಬಿಗಿಯಾಗಿ ಹಿಡಿದು ಮಗಳ ಚೀಲದ ಕಡೆ ನೋಡಿದ.

"ಹೌದ್ರಿ ಬೀಗರೇ. ನೀವಂದಿದ್ದೇ ಖರೆ."

"ಇದು ನೀವಂದ್ರೋ, ಮಶೀನ ಅಂತೋ?"

"ಮಶೀನ ಬಂದ್ ಅದರಿ. ನಾನೇ ಅಂದೆ."

ಭೀಮಶಾನ ಮುಖ ಅರಳಿತು. ಎರಡೂ ಕೈ ಚಾಚಿ ಮುಂದೆ ಬಂದವನು ಎರಡು ಹೆಜ್ಜೆ ದೂರದಲ್ಲೇ ನಿಂತ.

"ಅಪ್ಕೋತೀನ್ರಿ ಬೀಗರೇ. ಮೊದಲ ಆ ಕರಣಿ ಕೆಳಗಿಡ್ರಿ."