ತೂಕದ ಮಿಷನ್ನೂ ಹೋಳೂರಿನ ಅಜ್ಜಿಯೂ

ಊರೂರು ತಿರುಗುವ ನರ್ಸಿನ ಕೆಲಸದಲ್ಲಿ ಸೂಜಿಗೆ ಹೆದರುವವರಿಗಿಂತ ನರ್ಸಿನ ಮೇಲೇ ಅನುಮಾನ ಪಡುವವರು ಹೆಚ್ಚು. ಎಪ್ಪತ್ತರ ದಶಕದ ಕೊನೆಯಲ್ಲಿ ಹೋಳೂರಿನ ಒಬ್ಬ ಅಜ್ಜಿಯಂತೂ ಎಲ್ಲರನ್ನೂ ಮೀರಿಸಿದ್ದರು.

೧. ತೂಕ

ಅಜ್ಜಿ ಕೊಟ್ಟಿಗೆಯಲ್ಲಿ ಜಾರಿ ಕೈ ಮುರಿದುಕೊಂಡಿದ್ದರು. ನೋಡಲು ಹೋದರೆ ಮೊಮ್ಮಗಳು ಕಣ್ಣಿಗೆ ಬಿದ್ದಳು. ಮದುವೆ ವಯಸ್ಸಿಗೆ ಬಂದ ಹುಡುಗಿ, ಕಡ್ಡಿಯಂತಿದ್ದಳು. ಮನೆಯವರೆಲ್ಲ ಉಂಡಮೇಲೆ ಉಳಿದದ್ದು ಅವಳಿಗೆ. ನನಗೆ ಸಿಟ್ಟು ಬಂತು. ಅವಳನ್ನು ನನ್ನ ತೂಕದ ಮಿಷನ್ ಮೇಲೆ ನಿಲ್ಲಿಸಿದೆ.

"ಈ ವಯಸ್ಸಲ್ಲಿ ಮೈ ತುಂಬದಿದ್ರೆ ಮೂಳೆ ಗಟ್ಟಿಯಾಗಲ್ಲ ಅಜ್ಜಿ. ಮುಂದೆ ನಿಮ್ಮ ಹಾಗೇ ಮುರಿಯತ್ತೆ. ಇವಳಿಗೆ ಮೊದಲು ಊಟ ಹಾಕಿ."

ಅಜ್ಜಿ ಮಿಷನ್ನನ್ನೇ ದಿಟ್ಟಿಸಿದರು. "ಊಟ ನಾವು ಹಾಕ್ಬೇಕು, ತೂಕ ನೀವು ನೋಡ್ಬೇಕು. ಯಾರಿಗೆ ಮಾರೋಕೆ ನರ್ಸಮ್ಮ?"

೨. ಮಾತ್ರೆ

ಮೂಳೆಗೆಂದು ಅಜ್ಜಿಗೆ ಕ್ಯಾಲ್ಸಿಯಂ ಮಾತ್ರೆ ಕೊಟ್ಟೆ. ಮೂಸಿ ನೋಡಿ ಕೆಳಗಿಟ್ಟರು.

"ಇದು ಮಕ್ಕಳಾಗದಿರೋ ಮಾತ್ರೆ ಅಲ್ವಾ?"

"ಈ ವಯಸ್ಸಲ್ಲಿ ನಿಮಗೆ ಮಕ್ಕಳಾಗತ್ತಾ ಅಜ್ಜಿ?"

"ಆಗತ್ತೋ ಬಿಡತ್ತೋ, ಅದನ್ನ ಕೇಳೋಕೆ ಸರ್ಕಾರ ಯಾರು?"

ಮುಂದಿನ ವಾರ ಹೋದಾಗ ತಾವಾಗೇ ಮಾತ್ರೆ ಕೇಳಿದರು. ಕೊಟ್ಟದ್ದನ್ನೆಲ್ಲ ಪುಡಿ ಮಾಡಿ ಮೊದಲು ಕೋಳಿಗೆ ಹಾಕಿದ್ದರಂತೆ. "ಕೋಳಿ ಮೊಟ್ಟೆ ಇಡ್ತಾನೇ ಇದೆ. ಇನ್ನು ನಾನೂ ನುಂಗ್ತೀನಿ."

೩. ಹೆಣ್ಣು ನೋಡುವ ಶಾಸ್ತ್ರ

ಮೊಮ್ಮಗಳನ್ನು ನೋಡಲು ಬೈರಕೂರಿನವರು ಬಂದರು. ಗಂಡಿನ ತಾಯಿ ಅಜ್ಜಿಗೆ ಸರಿಜೋಡಿ. ಹುಡುಗಿ ಸಣ್ಣ, ಕ್ಷಯವೇನಾದರೂ ಇದೆಯೋ ಎಂದು ಅವರಿಗೆ ಅನುಮಾನ. "ಏಮ್ಮಾ, ನಿಮ್ಮ ಮಾತು ಬೇಡ. ನರ್ಸಮ್ಮನ ಮಿಷನ್ ಹೇಳ್ಲಿ" ಎಂದು ನನ್ನನ್ನು ಕರೆಸಿದರು.

ಹುಡುಗಿ ನಿಂತಳು. ಹೋದ ತಿಂಗಳಿಗಿಂತ ಐದು ಕೆಜಿ ಜಾಸ್ತಿ. ಈಗ ಅನುಮಾನದ ಸರದಿ ನನ್ನದು. ಮುಳ್ಳು ನೋಡಲು ಇನ್ನೂ ಬಗ್ಗಿದೆ. ಸೆರಗಿನ ಮರೆಯಲ್ಲಿ, ಸೊಂಟಕ್ಕೆ ಸುತ್ತಿದ್ದ ಬಟ್ಟೆಯೊಳಗೆ ಕಲ್ಲುಗಳು. ಅಜ್ಜಿಯ ಕಡೆ ತಿರುಗಿದರೆ ಅವರು ಸೂರು ನೋಡುತ್ತಿದ್ದರು.

ನಾನು ಬಾಯಿ ತೆರೆಯುವಷ್ಟರಲ್ಲಿ ಗಂಡಿನ ತಾಯಿಯೇ ಹೇಳಿದರು: "ಹುಡುಗಿ ಒಪ್ಪಿಗೆ. ಆದ್ರೆ ಧಾರೆಗೆ ಮುಂಚೆ ನಾನೇ ಸ್ನಾನ ಮಾಡಿಸಿ, ಇದೇ ಮಿಷನ್ ಮೇಲೆ ನಿಲ್ಲಿಸ್ತೀನಿ. ತೂಕ ಇಳಿದಿದ್ರೆ ಮದುವೆ ಇಲ್ಲ."

ನಾನು ಕಲ್ಲಿನ ಸುದ್ದಿ ತೆಗೆಯದೆ ಮಿಷನ್ ಎತ್ತಿಟ್ಟುಕೊಂಡೆ. ಇಷ್ಟು ದಿನ ನಾನು ಗಂಟಲು ಹರಿದುಕೊಂಡರೂ ಆಗದ ಕೆಲಸ ಒಂದೇ ಮಾತಿನಲ್ಲಿ ಆಗಿತ್ತು.

ತಿಂಗಳು ಬಿಟ್ಟು ನಾನು ಮತ್ತೆ ಹೋದಾಗ, ಗಂಡಸರಿಗಿಂತ ಮೊದಲು ಹುಡುಗಿ ಊಟಕ್ಕೆ ಕೂತಿದ್ದಳು. ಕೆನ್ನೆ ತುಂಬಿತ್ತು. ಅಜ್ಜಿ ಮುದ್ದೆಗೆ ತುಪ್ಪ ಹಾಕಿ, ಪಕ್ಕದಲ್ಲಿ ಹಾಲಿನ ಲೋಟ ಇಟ್ಟು, ಕಾವಲು ಕೂತಿದ್ದರು.

"ಸಾಕಜ್ಜಿ" ಎಂದಳು ಹುಡುಗಿ.

"ಏನೇ ಸಾಕು? ತಿನ್ನು. ಇನ್ನೂ ಎರಡು ಕಲ್ಲು ಬಾಕಿ ಇದೆ."