ಷಡ್ಡಕರೂ ನನ್ನ ಅಸಮಬಾಹು ತ್ರಿಭುಜವೂ

ಈ ಸಲ ಮಗಳ ಗಣಿತದ ಮಾದರಿಯನ್ನು ನಾನೇ ಮಾಡುವುದು, ಹರಿಹರದ ಷಡ್ಡಕರ ನೆರಳೂ ಅದರ ಮೇಲೆ ಬೀಳಕೂಡದು ಎಂದು ಭೀಷ್ಮಪ್ರತಿಜ್ಞೆ ಮಾಡಿದೆ!

ಷಡ್ಡಕ ಕರಿಬಸವರಾಜ, ಅಂದರೆ ನನ್ನ ಹೆಂಡತಿ ಸುಧಾಳ ಅಕ್ಕನ ಗಂಡ, ಗಣಿತದ ಮೇಷ್ಟ್ರು. ನಮ್ಮ ಮನೆಯ ನಲ್ಲಿ ಸೋರಿದರೂ "ಭಾವಾರಿದ್ರೆ ಇಷ್ಟೊತ್ತಿಗೆ ಸರಿ ಮಾಡಿರ್ತಿದ್ರು" ಅನ್ನುತ್ತಾಳೆ ಸುಧಾ. ಮಾವನ ಮನೆಯಲ್ಲಿ ಮೊದಲ ಎಲೆ ಅವರಿಗೆ, ಹೋಳಿಗೆಗೆ ಎರಡನೇ ಸಲ ತುಪ್ಪ ಅವರಿಗೆ. ನನಗೆ ಹೊಟ್ಟೆಕಿಚ್ಚು. ಮುಚ್ಚಿಟ್ಟು ಏನು ಬಂತು? ಹದಿಮೂರು ವರ್ಷದಿಂದ ಒಂದು ದಿನವೂ ಆರದ ಹೊಟ್ಟೆಕಿಚ್ಚು!

ಆರನೇ ತರಗತಿಯ ಮಗಳು ಶಾಲೆಯ ಪ್ರದರ್ಶನಕ್ಕೆ ಮೂರು ತ್ರಿಭುಜ ಒಯ್ಯಬೇಕಿತ್ತು. ಮೂರು ಬಾಹುಗಳೂ ಸಮವಿರುವ ಸಮಬಾಹು, ಎರಡು ಮಾತ್ರ ಸಮವಿರುವ ಸಮದ್ವಿಬಾಹು, ಒಂದಕ್ಕೊಂದು ಸಮವೇ ಇಲ್ಲದ ಅಸಮಬಾಹು.

"ದೊಡ್ಡಪ್ಪಗೆ ಫೋನ್ ಮಾಡ್ಲೇನಪ್ಪ?"

"ಬ್ಯಾಡ! ಪಿ.ಜೆ. ಬಡಾವಣೆಯಾಗೆ ಇಪ್ಪತ್ತು ವರ್ಷದಿಂದ ಫೋಟೋಕ್ಕೆ ಕಟ್ಟು ಹಾಕೋನು ನಾನು. ದಿನಾ ನಾಕು ಪಟ್ಟಿ ಜೋಡಿಸೋನಿಗೆ ಮೂರು ಯಾವ ಲೆಕ್ಕ?"

ಅಂಗಡಿಯಿಂದ ಬಂಗಾರದ ಬಣ್ಣದ ಮರದ ಪಟ್ಟಿ ತಂದೆ. ಮೊದಲೆರಡು ತ್ರಿಭುಜ ಫಳಫಳ ಹೊಳೆದವು. ಸುಧಾ "ಪರ್ವಾಗಿಲ್ಲ" ಎಂದಳು. ಅವಳ ಬಾಯಲ್ಲಿ ಅದು ಬಿರುದು ಬಾವಲಿಗೆ ಸಮ!

ನನ್ನ ತಲೆ ತಿರುಗಿದ್ದು ಅಲ್ಲೇ. ಷಡ್ಡಕರಾಗಿದ್ದರೆ ಆರು, ಏಳು, ಎಂಟು ಇಂಚು ಅಂತ ಪುಕ್ಕಲು ಅಸಮಬಾಹು ಮಾಡುತ್ತಿದ್ದರು. ನನ್ನದರ ಅಸಮಾನತೆ ಬೀದಿಯ ತುದಿಗೇ ಕಾಣಬೇಕು! ಆರು ಇಂಚು, ಹತ್ತು ಇಂಚು, ಇಪ್ಪತ್ನಾಲ್ಕು ಇಂಚು ಕೊಯ್ದೆ. ಉದ್ದದ ಪಟ್ಟಿಯ ಎರಡೂ ತುದಿಗೆ ಗಿಡ್ಡ ಪಟ್ಟಿಗಳನ್ನು ಮೊಳೆ ಹೊಡೆದು ಕೂರಿಸಿ ಒಂದರ ಕಡೆಗೊಂದನ್ನು ಬಾಗಿಸಿದೆ. ಮುಟ್ಟಲಿಲ್ಲ. ಇನ್ನೂ ಬಾಗಿಸಿದೆ. ಎರಡೂ ಉದ್ದದ ಪಟ್ಟಿಯ ಮೇಲೆ ಅಡ್ಡಬಿದ್ದವು, ನಡುವೆ ಎಂಟು ಇಂಚು ಖಾಲಿ!

"ಯಾಕ್ರಿ, ಸೇರ್ತಾ ಇಲ್ವಾ?"

"ಕಟ್ಟಿಗೆ ಒಣಗಿ ಕುಗ್ಗೈತೆ."

"ಎಂಟು ಇಂಚು ಕುಗ್ತೈತೇನ್ರಿ?"

ಮರ್ಯಾದೆಯ ಪ್ರಶ್ನೆ! ಕ್ಷಣದಲ್ಲಿ ಹಿಡಿಯುವ ಅಂಟು ಸುರಿದು, ಪಟ್ಟಿಗಳನ್ನು ಜಗ್ಗಿ ಹಿಡಿದೆ. ಅಂಟು ಹಿಡಿಯಿತು, ನನ್ನ ಹೆಬ್ಬೆರಳನ್ನು! ಸುಧಾ ಭಾವನಿಗೆ ಫೋನ್ ಹಚ್ಚಿದಳು.

ಷಡ್ಡಕರು ಹರಿಹರದಿಂದ ಬೈಕಿನಲ್ಲಿ ಬಂದರು. ಬಿಸಿ ಸೋಪಿನ ನೀರಲ್ಲಿ ನನ್ನ ಹೆಬ್ಬೆರಳು ಅದ್ದಿ ಮೆಲ್ಲಗೆ ಬಿಡಿಸಿದರು. ನಗಲೂ ಇಲ್ಲ, ಅದೇ ಇನ್ನೂ ಉರಿಯಿತು.

"ನೋಡ್ರಿ, ಯಾವ ಎರಡು ಬಾಹು ಕೂಡಿದ್ರೂ ಮೂರನೇದಕ್ಕಿಂತ ಜಾಸ್ತಿ ಆಗ್ಬೇಕು. ಆರು, ಹತ್ತು ಕೂಡಿದ್ರೆ ಹದಿನಾರು. ಇಪ್ಪತ್ನಾಕರ ಮ್ಯಾಲೆ ಹೆಂಗೆ ಸೇರ್ತಾವೆ?"

ಹೊಸ ಪಟ್ಟಿಯಲ್ಲಿ ಆರು, ಹತ್ತು, ಹನ್ನೆರಡು ಕೊಯ್ದು ಐದೇ ನಿಮಿಷದಲ್ಲಿ ಅಸಮಬಾಹು ಮುಗಿಸಿದರು. ಆಮೇಲೆ ನನ್ನ ಕಲಾಕೃತಿಯನ್ನು ಮಗಳ ಕೈಗಿಟ್ಟು, "ಇದನ್ನೂ ಒಯ್ಯವ್ವ, ಪಾಠ ಐತೆ ಇದ್ರಾಗೆ" ಎಂದರು.

ಪ್ರದರ್ಶನದ ದಿನ ಷಡ್ಡಕರ ಜೊತೆ ಹೋದೆ. ಸರಿಯಾದ ಮೂರು ತ್ರಿಭುಜಗಳನ್ನು ಯಾರೂ ಮೂಸಿಯೂ ನೋಡುತ್ತಿರಲಿಲ್ಲ. ಜನವೆಲ್ಲ ನಾಲ್ಕನೆಯದರ ಮುಂದೆ! ಕೆಳಗೆ ಮಗಳ ದುಂಡು ಅಕ್ಷರ: "ತ್ರಿಭುಜವಾಗದ ಮೂರು ಬಾಹುಗಳು. ತಯಾರಿಸಿದವರು: ನಮ್ಮಪ್ಪ."

ಹೆಡ್‌ಮೇಷ್ಟ್ರು ನಕ್ಕು ನಕ್ಕು ಕಣ್ಣೊರೆಸಿಕೊಂಡರು. "ಯಾರಮ್ಮ ನಿಮ್ಮಪ್ಪ?"

ಹದಿಮೂರು ವರ್ಷದಲ್ಲಿ ಮೊದಲ ಸಲ ಷಡ್ಡಕರನ್ನು ನಾನಾಗಿಯೇ ಮುಂದೆ ತಳ್ಳಿ ಅವರ ಬೆನ್ನ ಹಿಂದೆ ನಿಂತೆ. ಹೆಡ್‌ಮೇಷ್ಟ್ರು ಅವರ ಕೈಕುಲುಕಿದರು.

"ಅವ್ರಲ್ಲ ಸರ್, ಅವ್ರು ದೊಡ್ಡಪ್ಪ," ಎಂದಳು ಮಗಳು ಹೆಮ್ಮೆಯಿಂದ. "ನಮ್ಮಪ್ಪ ಅವ್ರ ಹಿಂದೆ ಅಡಗ್ಯಾರೆ ನೋಡ್ರಿ!"